ಕರುಳಿನ ಕಳವಳಕ್ಕೆ ಸಾವಧಾನ

ಹೊಟ್ಟೆನೋವು, ಉಬ್ಬರ, ಒಮ್ಮೆ ಭೇದಿ, ಮತ್ತೊಮ್ಮೆ ಮಲಬದ್ಧತೆ. ಪರೀಕ್ಷೆಗಳಲ್ಲಿ ಮಾತ್ರ ಯಾವ ದೋಷವೂ ಕಾಣದು. 'ಇರಿಟಬಲ್ ಬವೆಲ್ ಸಿಂಡ್ರೋಮ್' ಎಂಬ ಈ ವ್ಯಾಧಿ ರೋಗಿಯ ಕಲ್ಪನೆಯಲ್ಲ. ಮಿದುಳು ಹಾಗೂ ಕರುಳಿನ ನಡುವಣ ನರಸಂಪರ್ಕ ಏರುಪೇರಾಗಿ ಕರುಳು ಅತಿಸೂಕ್ಷ್ಮವಾಗುತ್ತದೆ. ನೋವಿನ ಭಯವೇ ನೋವನ್ನು ಹೆಚ್ಚಿಸುತ್ತದೆ.

ಈ ವಿಷವರ್ತುಲವನ್ನು ಸಡಿಲಿಸಲು 'ಮೈಂಡ್‌ಫುಲ್‌ನೆಸ್' ಅಥವಾ ಸಾವಧಾನದ ಅಭ್ಯಾಸ ನೆರವಾಗಬಲ್ಲದು. 1979ರಲ್ಲಿ ಅಮೆರಿಕದ ಜಾನ್ ಕಬಾಟ್-ಜಿನ್ ಇದಕ್ಕೆ ಚಿಕಿತ್ಸಾರೂಪ ನೀಡಿದರು. ಉಸಿರನ್ನೂ ದೇಹದ ಸಂವೇದನೆಗಳನ್ನೂ ಒಳಿತು-ಕೆಡುಕೆಂದು ಎಣಿಸದೆ ಗಮನಿಸುವುದೇ ಇದರ ತಿರುಳು. 2011ರಲ್ಲಿ ಪ್ರಕಟವಾದ ನಾರ್ತ್ ಕರೋಲಿನಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 75 ಮಹಿಳೆಯರಿದ್ದರು. ತರಬೇತಿ ಮುಗಿದ 3 ತಿಂಗಳಿಗೆ ಅಭ್ಯಾಸಿಗಳಲ್ಲಿ ವ್ಯಾಧಿಯ ತೀವ್ರತೆ ಶೇ. 38ರಷ್ಟು ತಗ್ಗಿತ್ತು, ಪರಸ್ಪರ ಸಾಂತ್ವನದ ಗುಂಪಿನಲ್ಲಿ ಶೇ. 12ರಷ್ಟು ಮಾತ್ರ.

ಆದರೆ ಮಲದಲ್ಲಿ ರಕ್ತ, ಅಕಾರಣ ತೂಕನಷ್ಟ, ರಕ್ತಹೀನತೆ ಕಂಡುಬಂದಲ್ಲಿ ಮೊದಲು ವೈದ್ಯರನ್ನು ಕಾಣತಕ್ಕದ್ದು. ಸಾವಧಾನವು ಚಿಕಿತ್ಸೆಯ ಸಂಗಾತಿಯೇ ಹೊರತು ಬದಲಿಯಲ್ಲ.