ಈದ್‌ನಿಂದ ಎಣಿಸಿದ ವಯಸ್ಸು

"ಎಂಟು ತಿಂಗಳಾಯ್ತಲ್ಲ, ಇನ್ನೂ ಕೂರಲ್ವಾ?"

ಭದ್ರಾವತಿಯ ಒಂದು ಮದುವೆ ಹಾಲ್‌ನಲ್ಲಿ, ಊಟಕ್ಕೆ ಕಾಯುತ್ತಾ ಮಗಳನ್ನು ತೊಡೆಯ ಮೇಲೆ ಒರಗಿಸಿಕೊಂಡು ಕುಳಿತಿದ್ದಾಗ ಈ ಪ್ರಶ್ನೆ ಬಂತು. ಕೇಳಿದವರು ದೂರದ ಸಂಬಂಧದ ಖಾಲಾ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಎದುರಿನಲ್ಲೇ ನನ್ನ ನಾದಿನಿಯ ಮಗ ಇದ್ದ. ನನ್ನ ಮಗಳು ಹುಟ್ಟಿದ ವಾರವೇ ಹುಟ್ಟಿದವನು. ಯಾರ ಆಸರೆಯೂ ಇಲ್ಲದೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಸ್ಟೀಲ್ ಲೋಟವನ್ನು ನೆಲಕ್ಕೆ ಕುಟ್ಟುತ್ತಾ ಇಡೀ ಹಾಲ್ ತನ್ನದೇ ಎನ್ನುವಂತಿದ್ದ. ನನ್ನವಳು ಒಂದು ಕ್ಷಣ ಕುಳಿತಂತೆ ಮಾಡಿ ಬಾಳೆ ಎಲೆ ಬಾಗಿದ ಹಾಗೆ ಪಕ್ಕಕ್ಕೆ ವಾಲಿದಳು. ಬಿರಿಯಾನಿ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಮುನ್ನಿ ಹುಟ್ಟಬೇಕಾಗಿದ್ದದ್ದು ರಮಝಾನ್ ಈದ್ ಹೊತ್ತಿಗೆ. ಹುಟ್ಟಿದ್ದು ಶಾಬಾನ್ ತಿಂಗಳ ಆರಂಭದಲ್ಲಿ. 32 ವಾರಕ್ಕೇ ಹೆರಿಗೆಯಾಗಿತ್ತು, ತೂಕ 1,640 ಗ್ರಾಂ. ನವಜಾತ ಶಿಶುಗಳ ಐಸಿಯುವಿನಲ್ಲಿ 19 ದಿನ ಇದ್ದಳು. ಹಾಲು ಹಿಂಡಿ ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸುವುದು, ಕಾಂಗರೂ ಆರೈಕೆ ಎಂದು ಎದೆಗೆ ಮೈ ತಾಗಿಸಿ ಗಂಟೆಗಟ್ಟಲೆ ಮಲಗಿಸಿಕೊಳ್ಳುವುದು, ಬೆಳಿಗ್ಗೆ ಎದ್ದರೆ ತೂಕ ಎಷ್ಟಾಯಿತು ಎಂದು ಕೇಳುವುದು. ಇಷ್ಟೇ ಆಗ ನಮ್ಮ ಲೋಕ. ನಾನು ಸುಸ್ತಾದಾಗ ನಮ್ಮ ಮನೆಯವರು ಶರ್ಟಿನ ಗುಂಡಿ ಬಿಚ್ಚಿ ಮಗುವನ್ನು ಎದೆಗವಚಿಕೊಳ್ಳುತ್ತಿದ್ದರು. ಗಂಡಸರೂ ಇದನ್ನು ಮಾಡಬಹುದು ಎಂದು ನರ್ಸ್ ಹೇಳಿದಾಗ ಅವರು ನಾಚಿಕೊಂಡಿದ್ದರು. ಮೂರನೆಯ ದಿನಕ್ಕೆ ನನ್ನ ಸರದಿಯನ್ನೂ ಕೇಳತೊಡಗಿದರು!

ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಗೆ ಒಂದು ತಾರೀಖು ಬರೆದಿತ್ತು. ಲೆಕ್ಕ ಹಾಕಿದರೆ ಮಗು ಹುಟ್ಟಿದ 27ನೆಯ ದಿನ. ಮನೆಯಲ್ಲಿ ಚರ್ಚೆ ಶುರುವಾಯಿತು. ಬಾಣಂತಿ, ಮಗು ನಲವತ್ತು ದಿನ ಹೊಸಿಲು ದಾಟಬಾರದು, ಅದೂ ಇಷ್ಟು ಪುಟ್ಟ ಮಗು, ಗಾಳಿ ತಾಗಿದರೆ ಗತಿಯೇನು? "ಕಣ್ಣು ಚೆನ್ನಾಗೇ ಬಿಡ್ತಾಳಲ್ಲ, ನಲವತ್ತು ಕಳೆದ ಮೇಲೆ ತೋರಿಸಿದರಾಯ್ತು" ಎಂದರು ಅಮ್ಮಿ. ನನಗೂ ಹಾಗೆಯೇ ಅನಿಸಿತ್ತು. ತೀರ್ಮಾನ ಮಾಡಿದ್ದು ನಾನಿ. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಮಾಡಿಸಿಕೊಂಡವರು. "ಕಣ್ಣಿನ ವಿಷಯದಲ್ಲಿ ನಲವತ್ತೂ ಇಲ್ಲ, ನಾಲ್ಕೂ ಇಲ್ಲ. ಆಟೋ ಕರೆಸಿ" ಎಂದುಬಿಟ್ಟರು.

ಅವರು ಹಾಗೆ ಹೇಳದೇ ಇದ್ದಿದ್ದರೆ ಎಂದು ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಅಕ್ಷಿಪಟಲವನ್ನೇ ಎಳೆದು ಕಿತ್ತು ಶಾಶ್ವತ ಕುರುಡು ತರಬಹುದು. ಮೇಲಿನಿಂದ ನೋಡಿದರೆ ಕಣ್ಣು ಹೊಳೆಯುತ್ತಲೇ ಇರುತ್ತದೆ, ತಾಯಿಗೆ ಏನೂ ಗೊತ್ತಾಗುವುದಿಲ್ಲ. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ನಾಲ್ಕು ವಾರದೊಳಗೆ ಮೊದಲ ಪರೀಕ್ಷೆ ಆಗಬೇಕು. ತೀರಾ ಪುಟ್ಟ ಮಕ್ಕಳಿಗೆ ಇನ್ನೂ ಬೇಗ. ಸಕಾಲದಲ್ಲಿ ಸಿಕ್ಕರೆ ಲೇಸರ್‌ನಂಥ ಚಿಕಿತ್ಸೆಯಿಂದ ದೃಷ್ಟಿ ಉಳಿಸಬಹುದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಮುನ್ನಿಯ ಕಣ್ಣನ್ನು ಮೂರು ಸಲ ನೋಡಿ, ನಾಳಗಳು ಸರಿಯಾಗಿ ಬೆಳೆದಿವೆ ಎಂದು ಬಿಟ್ಟರು. ಅಲ್‌ಹಮ್ದುಲಿಲ್ಲಾಹ್. ನಿಮ್ಮ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಆ ನಲವತ್ತು ದಿನದ ನಡುವೆ ಒಂದು ದಿನ ಹೊರಗೆ ಹೋಗಿಬನ್ನಿ. ಟೋಪಿ, ಸಾಕ್ಸ್ ಹಾಕಿ ಎದೆಗವಚಿಕೊಂಡು ಹೋದರೆ ಗಾಳಿ ಏನೂ ಮಾಡುವುದಿಲ್ಲ.

ಕಣ್ಣು ಸರಿಯಿತ್ತು. ಆದರೆ ಮಗು ನಗುತ್ತಿರಲಿಲ್ಲ.

ನಾದಿನಿಯ ಮಗ ಒಂದೂವರೆ ತಿಂಗಳಿಗೇ ಮುಖ ನೋಡಿ ನಗುವ ವಿಡಿಯೋ ವಾಟ್ಸಾಪ್‌ನಲ್ಲಿ ಬಂದಿತ್ತು. ನಿದ್ದೆಯಲ್ಲಿ ತುಟಿ ಅರಳುವುದು ಬೇರೆ, ಅದು ನಮ್ಮವಳಿಗೂ ಇತ್ತು. ಆದರೆ ಕಣ್ಣಲ್ಲಿ ಕಣ್ಣಿಟ್ಟು, ನನ್ನ ಮಾತಿಗೆ ಮರುಮಾತಾಗಿ ಬರುವ ನಗು ಎರಡು ತಿಂಗಳಾದರೂ ಬರಲಿಲ್ಲ, ಮೂರು ತಿಂಗಳಾದರೂ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಎಲ್ಲರೂ ಮಲಗಿದ ಮೇಲೆ ಮೊಬೈಲ್ ಬೆಳಕಿನಲ್ಲಿ ಅವಳ ಮುಖದ ಮುಂದೆ ನಾನೇ ಹುಚ್ಚಿಯಂತೆ ನಗುತ್ತಿದ್ದೆ.

ಮೂರೂವರೆ ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಫಜ್ರ್ ಮುಗಿಸಿ, ನಮಾಝಿನ ದುಪಟ್ಟಾ ಇನ್ನೂ ತೆಗೆಯದೆ ತೊಟ್ಟಿಲ ಮೇಲೆ ಬಾಗಿದೆ. ಅವಳು ಎಚ್ಚರವಾಗಿದ್ದಳು. ಹಣೆಯಿಂದ ಗಲ್ಲದವರೆಗೆ ನನ್ನ ಮುಖವನ್ನು ನಿಧಾನವಾಗಿ ನೋಡಿದಳು. ಮೊದಲು ಕಣ್ಣು ಅಗಲವಾಯಿತು, ಆಮೇಲೆ ಕಾಲು ಒದರಿದಳು, ಕೊನೆಗೆ ಬೊಚ್ಚು ಬಾಯಿ ಪೂರ್ತಿ ತೆರೆಯಿತು. ಅದನ್ನು ನಗು ಅಂದರೆ ಕಡಿಮೆಯಾದೀತು. ಇಡೀ ಮೈ ನಗುತ್ತಿತ್ತು. ನಾನು ಕೂಗಿದ ಕೂಗಿಗೆ ನಮ್ಮ ಮನೆಯವರು ಏನೋ ಅನಾಹುತವಾಯಿತೆಂದು ಓಡಿಬಂದರು. ಗೋಡೆಯಲ್ಲಿದ್ದ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ "ನಕ್ಕಳು" ಎಂದು ಬರೆದೆ. ಅಲ್ಲಿಂದ ಮುಂದೆ ಪ್ರತಿಯೊಂದನ್ನೂ ಆ ಕ್ಯಾಲೆಂಡರಿನಲ್ಲೇ ಬರೆಯುತ್ತಾ ಹೋದೆ.

ಆ ನಗು ತಡವಾಗಿ ಬಂದದ್ದಲ್ಲ, ಸರಿಯಾದ ಸಮಯಕ್ಕೇ ಬಂದದ್ದು ಎಂದು ನನಗೆ ತಿಳಿದದ್ದು ಮಾತ್ರ ಭದ್ರಾವತಿಯ ಆ ಮದುವೆಯ ನಂತರ. ಕಣ್ಣೀರು ಹಾಕುತ್ತಾ ಮಕ್ಕಳ ಡಾಕ್ಟರ ಮುಂದೆ ಕುಳಿತೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಹೆರಿಗೆಗೆ ಕೊಟ್ಟಿದ್ದ ತಾರೀಖು ಯಾವುದಮ್ಮಾ?"

"ಈದ್ ಹೊತ್ತಿಗೆ ಅಂದಿದ್ರು ಸರ್."

"ಹಾಗಾದರೆ ಈದ್‌ನಿಂದ ಎಣಿಸಿ. ನಿಮ್ಮ ಮಗಳಿಗೆ ಈಗ ಆರು ತಿಂಗಳು. ಆರು ತಿಂಗಳ ಮಗು ಸ್ವಲ್ಪ ಕೂತು ವಾಲುತ್ತೆ, ಅಷ್ಟೇ ತಾನೇ?"

ಇದನ್ನು ಅವರು ಆಸ್ಪತ್ರೆಯಿಂದ ಕಳಿಸುವ ದಿನವೂ ಹೇಳಿದ್ದರಂತೆ. ಭಯದಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸಿನಿಂದ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ಕಳೆಯಬೇಕು. ಉಳಿದದ್ದೇ ತಿದ್ದಿದ ವಯಸ್ಸು. ಬೆಳವಣಿಗೆ ಅಳೆಯುವಾಗ ಎರಡು ವರ್ಷದವರೆಗೆ ಈ ಲೆಕ್ಕವನ್ನೇ ಹಿಡಿಯುತ್ತಾರೆ. ಮಿದುಳು, ನರ, ಸ್ನಾಯುಗಳು ಬೇಗ ಹೊರಗೆ ಬಂದೆವೆಂದು ಅವಸರ ಮಾಡುವುದಿಲ್ಲ, ತಮ್ಮ ತಿಂಗಳುಗಳನ್ನು ಪೂರ್ತಿ ಮಾಡಿಕೊಂಡೇ ಮುಂದೆ ಹೋಗುತ್ತವೆ. ಮೂರೂವರೆ ತಿಂಗಳಿಗೆ ಬಂದ ನಗು ಆ ಲೆಕ್ಕದಲ್ಲಿ ಒಂದೂವರೆ ತಿಂಗಳಿನದು. ನಾದಿನಿಯ ಮಗ ನಕ್ಕ ವಯಸ್ಸಿಗೇ ನನ್ನ ಮಗಳೂ ನಕ್ಕಿದ್ದಳು! ಒಂದು ಎಚ್ಚರಿಕೆ: ಲಸಿಕೆಗೆ ಮಾತ್ರ ಈ ಲೆಕ್ಕ ಬೇಡ. ಅದನ್ನು ಹುಟ್ಟಿದ ತಾರೀಖಿನಿಂದಲೇ ಎಣಿಸಿ ಡಾಕ್ಟರು ಹೇಳಿದಂತೆ ಹಾಕಿಸಬೇಕು.

ಆ ದಿನದಿಂದ ನನ್ನ ಕಣ್ಣಿನ ಮೇಲಿದ್ದ ಪರದೆ ಸರಿದ ಹಾಗಾಯಿತು. ಇಷ್ಟು ದಿನ ನಾನು ನನ್ನ ಮಗಳನ್ನು ನೋಡುತ್ತಲೇ ಇರಲಿಲ್ಲ, ನಾದಿನಿಯ ಮಗನ ಹಿಂದೆ ಅವಳು ಎಷ್ಟು ದೂರ ಇದ್ದಾಳೆಂದು ಅಳೆಯುತ್ತಿದ್ದೆ. ನೋಡಲು ಕುಳಿತರೆ ಎಷ್ಟೊಂದಿತ್ತು! ಕೈಯಿಂದ ಬಿದ್ದ ಚಮಚ ಎಲ್ಲಿ ಹೋಯಿತೆಂದು ಬಗ್ಗಿ ನೋಡುವುದು. ದುಪಟ್ಟಾದ ಹಿಂದೆ ನಾನು ಮುಖ ಮುಚ್ಚಿಕೊಂಡರೆ ಮೊದಲು ಮರೆತೇಬಿಡುತ್ತಿದ್ದವಳು, ಒಂದು ದಿನ ದುಪಟ್ಟಾವನ್ನು ಹಿಡಿದು ಎಳೆದದ್ದು. ಕಾಣದಿದ್ದರೂ ಅಮ್ಮಿ ಅಲ್ಲೇ ಇದ್ದಾಳೆ ಎಂದು ಅವಳಿಗೆ ಆ ದಿನ ಗೊತ್ತಾಗಿತ್ತು. ಅಂಗೈಯಿಂದ ಬಾಚಿಕೊಳ್ಳುತ್ತಿದ್ದ ಅನ್ನದ ಅಗುಳನ್ನು ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಹಿಡಿದು, ಅಕ್ಕಸಾಲಿಗ ಮುತ್ತು ನೋಡುವಂತೆ ನೋಡಿ, ನನ್ನ ಬಾಯಿಗೇ ಇಟ್ಟದ್ದು. ಮೊದಲು ಎಲ್ಲರ ಕೈಗೂ ಹೋಗುತ್ತಿದ್ದವಳು ಮಾಮುವಿನ ಗಡ್ಡ ಕಂಡು ಚಿಟಾರನೆ ಚೀರಿದಾಗ ಅವರಿಗೆ ಬೇಸರವಾಯಿತು. ತನ್ನವರು ಯಾರು, ಹೊರಗಿನವರು ಯಾರು ಎಂಬ ಗುರುತು ಹತ್ತಿದೆ, ಅದೂ ಒಂದು ಬೆಳವಣಿಗೆಯೇ ಎಂದು ಸಮಾಧಾನ ಹೇಳಬೇಕಾಯಿತು.

ಮನೆಯಲ್ಲಿ ದೊಡ್ಡ ಜಗಳವಾದದ್ದು "ದಾದಾ" ಎಂದಾಗ. "ದಾದಾದಾದಾ" ಎಂದು ಅವಳು ರಾಗ ಎಳೆದದ್ದೇ ತಡ, ನಮ್ಮ ಮಾವ ಬೀದಿಯ ಎಲ್ಲ ಮನೆಗೂ ಮಿಠಾಯಿ ಹಂಚಿಬಂದರು. ಈ ವಯಸ್ಸಿನ "ದಾದಾ", "ಬಾಬಾ"ಗಳಿಗೆ ಅರ್ಥವಿರುವುದಿಲ್ಲ, ನಾಲಿಗೆ ತುಟಿಗಳ ಆಟವದು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆದರೆ ಆ ಆಟಕ್ಕೆ ಬೆಲೆ ಇದೆ. ಕಿವಿ ಕೇಳಿಸದ ಮಗುವೂ ಮೊದಮೊದಲು ಗುರುಗುಟ್ಟುತ್ತದೆ. ಆದರೆ ಆರೇಳು ತಿಂಗಳಿನ ಈ ಜೋಡಿ ಜೋಡಿ ಅಕ್ಷರಗಳು ಅದಕ್ಕೆ ಸುಲಭವಾಗಿ ಬರುವುದಿಲ್ಲ. ಹತ್ತು ತಿಂಗಳಾದರೂ ತೊದಲದ, ಹಿಂದಿನಿಂದ ಕರೆದರೆ ತಿರುಗದ ಮಗುವನ್ನು "ನಮ್ಮ ವಂಶದಲ್ಲಿ ಎಲ್ಲರೂ ಮಾತು ತಡ" ಎಂದು ಮನೆಯಲ್ಲಿಟ್ಟುಕೊಂಡು ಕೂರಬೇಡಿ. ಶ್ರವಣ ಪರೀಕ್ಷೆ ನವಜಾತ ಶಿಶುವಿಗೇ ಮಾಡಬಹುದು, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ.

ಹಾಗಾದರೆ ಎಷ್ಟು ತಡವಾದರೆ ತಡ? ವಿಶ್ವ ಆರೋಗ್ಯ ಸಂಸ್ಥೆ ಭಾರತ, ಒಮಾನ್, ಘಾನಾ, ನಾರ್ವೆ, ಅಮೆರಿಕಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಡಾಕ್ಟರು ನನಗೆ ತೋರಿಸಿದರು. ಆಸರೆಯಿಲ್ಲದೆ ಕೂರುವುದು ನಾಲ್ಕು ತಿಂಗಳಿಗೂ ಆಗಬಹುದು, ಒಂಬತ್ತಕ್ಕೂ ಆಗಬಹುದು. ತಾನೇ ನಡೆಯುವುದು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡುವುದೇ ಇಲ್ಲ, ನೇರವಾಗಿ ಎದ್ದು ನಿಲ್ಲುತ್ತವೆ. ಅವುಗಳ ತಾಯಂದಿರು ಎಷ್ಟು ರಾತ್ರಿ ನಿದ್ದೆಗೆಟ್ಟರೋ!

ಆದರೆ ಈ ಅಗಲದ ಬಾಗಿಲಿಗೂ ಒಂದು ಹೊಸಿಲಿದೆ. ತಿದ್ದಿದ ವಯಸ್ಸಿನಲ್ಲಿ ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ನಾಲ್ಕೈದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಬಿಚ್ಚದಿದ್ದರೆ, ಒಂಬತ್ತು ಹತ್ತಕ್ಕೂ ಕೂರದಿದ್ದರೆ, ಮೈ ತೀರಾ ಸೆಟೆದಂತೆ ಅಥವಾ ತೀರಾ ಸಡಿಲವಾಗಿದ್ದರೆ ಕಾಯಬೇಡಿ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸಿದರೆ ಕೆಲವರು "ಎಡಚ" ಎಂದು ನಗುತ್ತಾರೆ. ಆ ವಯಸ್ಸಿನಲ್ಲಿ ಅದು ಇನ್ನೊಂದು ಕೈ ದುರ್ಬಲವಾಗಿರುವ ಸೂಚನೆ ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿತದ್ದನ್ನು ಮರೆಯುತ್ತಾ ಬಂದರೆ ಅದೇ ವಾರ ತೋರಿಸಿ. ನಿಮ್ಮ ಬಳಿಯಿರುವ ತಾಯಿ ಕಾರ್ಡನ್ನು ಲಸಿಕೆಗೆ ಮಾತ್ರ ತೆಗೆಯಬೇಡಿ, ಮಗುವಿನ ಬೆಳವಣಿಗೆಯ ಪುಟವೂ ಅದರಲ್ಲಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಜೊತೆ ಕುಳಿತು ಅದನ್ನು ನೋಡಿ. ಸಂಶಯವಿದ್ದರೆ ಜಿಲ್ಲಾ ಆಸ್ಪತ್ರೆಗಳ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ತಪಾಸಣೆ ಉಚಿತ. ಬೇಗ ಶುರುವಾದ ವ್ಯಾಯಾಮ, ತರಬೇತಿಯ ಲಾಭ ತಡವಾಗಿ ಶುರು ಮಾಡಿದರೆ ಸಿಗುವುದಿಲ್ಲ.

ಈ ನಡುವೆ ಯಾರೋ ವಾಕರ್ ಉಡುಗೊರೆ ತಂದರು. ಬಣ್ಣದ್ದು, ಹಾಡುವಂಥದ್ದು. ಅದರಲ್ಲಿ ಕೂತ ಮಗು ತುದಿಗಾಲಲ್ಲಿ ತಳ್ಳಿಕೊಂಡು ಓಡುತ್ತದೆಯೇ ಹೊರತು ನಡೆಯಲು ಕಲಿಯುವುದಿಲ್ಲ, ಮೆಟ್ಟಿಲು ಬಚ್ಚಲಿನ ಕಡೆ ಉರುಳಿದರೆ ಪ್ರಾಣಕ್ಕೇ ಅಪಾಯ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದೇ ನಿಷಿದ್ಧ. ನಮ್ಮ ಮನೆಯಲ್ಲಿ ಅದು ಈಗ ಅಟ್ಟದ ಮೇಲಿದೆ. ಮುನ್ನಿಗೆ ಬೇಕಾಗಿದ್ದದ್ದು ನೆಲ. ಎಚ್ಚರವಿದ್ದಾಗ ಚಾಪೆಯ ಮೇಲೆ ಬೋರಲು ಮಲಗಿಸಿ ನಾನೂ ಎದುರಿಗೆ ಬೋರಲು ಮಲಗುತ್ತಿದ್ದೆ. ನಿದ್ದೆಗೆ ಮಾತ್ರ ಅಂಗಾತ. ಮೊಬೈಲ್ ತೋರಿಸಿ ಉಣ್ಣಿಸಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಪಾಲಿಸುವುದು ನನಗಿಂತ ದಾದಿಗೆ ಕಷ್ಟವಾಯಿತು. ಅವರ ಧಾರಾವಾಹಿಯ ಹೊತ್ತೂ ಅದೇ.

ಹುಟ್ಟಿದ ದಿನಕ್ಕೆ ವರ್ಷ ತುಂಬಿದಾಗ ಅವಳು ದೀವಾನ್ ಹಿಡಿದು ನಿಲ್ಲುತ್ತಿದ್ದಳು, "ಸಲಾಂ ಮಾಡು" ಎಂದರೆ ಕೈಯನ್ನು ಹಣೆಗೆ ಬದಲು ಕಿವಿಗೆ ಒಯ್ಯುತ್ತಿದ್ದಳು. ನಡೆಯುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಹತ್ತು ತಿಂಗಳು" ಎನ್ನುವುದನ್ನು ನಾನು ಆ ಹೊತ್ತಿಗೆ ಚೆನ್ನಾಗಿ ಕಲಿತಿದ್ದೆ.

ಮತ್ತೆ ಈದ್ ಬಂತು. ಈದ್ಗಾದಿಂದ ಗಂಡಸರು ಮರಳಿದ್ದರು, ನಾನು ಶೀರ್ ಖುರ್ಮಾ ಬಟ್ಟಲು ಹಿಡಿದು ಬಾಗಿಲಲ್ಲಿದ್ದೆ. ನಾದಿನಿಯ ಮಗ ಎಲ್ಲರ ಕಾಲ ನಡುವೆ ಓಡಾಡುತ್ತಿದ್ದ. ಅತ್ತರಿನ ಘಮ ಬಂದದ್ದೇ ಮುನ್ನಿ ತಿರುಗಿ ತನ್ನ ಅಬ್ಬಾನನ್ನು ನೋಡಿದಳು, ದೀವಾನ್‌ನಿಂದ ಕೈ ಬಿಟ್ಟಳು. ಒಂದು ಹೆಜ್ಜೆ. ಇನ್ನೊಂದು. ಮೂರನೆಯದು ಬೀಳುವುದರೊಳಗೆ ಅವರ ಬಿಳಿ ಕುರ್ತಾದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ನನ್ನ ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗಿತ್ತು. "ಇನ್ನೊಂದು ಸಲ, ಇನ್ನೊಂದು ಸಲ" ಎಂದು ಮಾವ ಮತ್ತೆ ಮತ್ತೆ ಅವಳನ್ನು ದೀವಾನ್ ಪಕ್ಕ ನಿಲ್ಲಿಸಿದರು. ಅವಳು ಕೂತುಬಿಟ್ಟಳು. ನೆಲದ ಮೇಲೆ ಬಿದ್ದಿದ್ದ ಒಂದು ಒಣದ್ರಾಕ್ಷಿಯನ್ನು ಎರಡು ಬೆರಳಲ್ಲಿ ಹಿಡಿದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ದಾದಿ ಓಡಿಬಂದು ಕಿತ್ತುಕೊಂಡರು.