ಊರಿಗೆ ಬೇಕಾದ ಕೆಲಸ, ಊರಲ್ಲೇ ಕಲಿಸುವುದು ಹೇಗೆ?

ನಮಗಿಂತ ಹಿರಿಯರಲ್ಲಿ ಐಟಿಐ ಮುಗಿಸಿದ ಹಲವರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ್ದನ್ನು ನಾವೆಲ್ಲರೂ ನೋಡಿದ್ದೇವೆ. ಇತ್ತ ಕಡೂರು, ತರೀಕೆರೆ, ಅಜ್ಜಂಪುರದ ಗ್ಯಾರೇಜು, ಮೋಟಾರ್ ವೈಂಡಿಂಗ್ ಅಂಗಡಿ, ಅಡಿಕೆ ಮಂಡಿಯವರನ್ನು ಕೇಳಿದರೆ "ಕೆಲಸ ಗೊತ್ತಿರುವ ಹುಡುಗರೇ ಸಿಗುವುದಿಲ್ಲ" ಎನ್ನುತ್ತಾರೆ. ಬೇಡಿಕೆಯೂ ಇದೆ, ಪೂರೈಕೆಯೂ ಇದೆ. ಆದರೂ ಎರಡೂ ಸೇರುತ್ತಿಲ್ಲ. ಇದು ಏಕೆ ಎಂದು ತಿಳಿಯಲು ಪ್ರಯತ್ನಿಸಿದ್ದೇನೆ.

ಮೊದಲು ನಮ್ಮ ಮೂರು ತಾಲ್ಲೂಕುಗಳಲ್ಲಿ ಯಾವ ಕೆಲಸ ಇದೆ ಎಂದು ನೋಡೋಣ. ಕಡೂರು ಮಳೆ ಕಡಿಮೆ ಬೀಳುವ ಸೀಮೆ. ಇಲ್ಲಿನ ತೆಂಗು, ಅಡಿಕೆ ತೋಟಗಳು ಹೆಚ್ಚಾಗಿ ಕೊಳವೆಬಾವಿಯನ್ನೇ ನಂಬಿವೆ. ಬೇಸಿಗೆಯಲ್ಲಿ ಮೋಟಾರ್ ಸುಟ್ಟುಹೋದರೆ ರೈತ ಒಂದು ವಾರವೂ ಕಾಯುವಂತಿಲ್ಲ. ತರೀಕೆರೆಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಸುಲಿಯುವ ಯಂತ್ರ ನಿಂತರೆ ಹಸಿ ಅಡಿಕೆ ರಾಶಿಯಲ್ಲೇ ಕೆಡುತ್ತದೆ. ಮೊದಲು ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಬೇರೆ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಗಾರರಿಗೆ ಟ್ರ್ಯಾಕ್ಟರ್ ಇಲ್ಲದೆ ಆಗುವುದಿಲ್ಲ. ಅಜ್ಜಂಪುರದ ಬಳಿಯ ಸುರಂಗದ ಮೂಲಕ ನೀರು ಹರಿಸುವ ಭದ್ರಾ ಮೇಲ್ದಂಡೆ ಯೋಜನೆ 4 ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್ ಭೂಮಿಗೆ ಹನಿ ನೀರಾವರಿಯಂಥ ಸೂಕ್ಷ್ಮ ಪದ್ಧತಿಯಲ್ಲಿ ನೀರು ಕೊಡಲಿಕ್ಕಿರುವುದು. ಆ ಪೈಪು, ಫಿಲ್ಟರು, ವಾಲ್ವುಗಳನ್ನು ಜೋಡಿಸಲು, ಕಟ್ಟಿಕೊಂಡಾಗ ಸರಿಮಾಡಲು ಜನ ಬೇಕಲ್ಲವೇ?

ಸರ್ಕಾರ ಸುಮ್ಮನೆ ಕುಳಿತಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,600 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೆ ಏರಿಸಲಾಗಿದೆ. 2022ರ ಜೂನ್‌ನಲ್ಲಿ ಅವುಗಳ ಲೋಕಾರ್ಪಣೆಯಾಯಿತು. ರೋಬಾಟ್, ಸಿಎನ್‌ಸಿ ಯಂತ್ರ, ವಿದ್ಯುತ್ ವಾಹನ ಮುಂತಾದ ಹೊಸ ವಿಷಯಗಳು ಬಂದವು. ಇದು ಒಳ್ಳೆಯದೇ. ಆದರೆ ಇವು ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಕೌಶಲ್ಯಗಳು. ದೊಡ್ಡ ಕಂಪನಿಗೆ ತನಗೆ ಏನು ಬೇಕೆಂದು ಸರ್ಕಾರದ ಮುಂದೆ ಹೇಳಲು ಅಧಿಕಾರಿಗಳಿದ್ದಾರೆ. ಇಬ್ಬರು ಹುಡುಗರನ್ನು ಇಟ್ಟುಕೊಂಡ ವೈಂಡಿಂಗ್ ಅಂಗಡಿಯವರು ಅಂಗಡಿ ಮುಚ್ಚಿ ಯಾವ ಸಭೆಗೆ ಹೋಗುತ್ತಾರೆ? ನನ್ನ ಪ್ರಕಾರ ತೊಂದರೆಯ ಮೂಲ ಇಲ್ಲಿದೆ. ನಮ್ಮ ಭಾಗದ ಉದ್ಯೋಗದಾತರು ಬಹುತೇಕ ಚಿಕ್ಕವರು. ಅವರ ಮಾತು ತರಬೇತಿ ಕೊಡುವವರ ಕಿವಿಗೆ ಬೀಳುವುದಿಲ್ಲ.

ಕಾನೂನಿನಲ್ಲೂ ಇದು ಕಾಣುತ್ತದೆ. ಅಪ್ರೆಂಟಿಸ್ ಕಾಯ್ದೆ 1961ರದ್ದು. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವಲ್ಲಿ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ನಮ್ಮ ಪೇಟೆಯ ಎಷ್ಟೋ ಅಂಗಡಿಗಳಲ್ಲಿ 4 ಜನರೂ ಇರುವುದಿಲ್ಲ.

ನನ್ನ ಮಾಮು ಟ್ರ್ಯಾಕ್ಟರ್ ಗ್ಯಾರೇಜ್ ನಡೆಸುತ್ತಾರೆ. ಹೋದ ವರ್ಷ ಸರ್ಟಿಫಿಕೇಟ್ ಇದ್ದ ಒಬ್ಬ ಹುಡುಗ ಕೆಲಸಕ್ಕೆ ಬಂದಿದ್ದ. ಎಂಜಿನ್ನಿನ ಚಿತ್ರ ಬರೆದು ಭಾಗಗಳನ್ನು ಚೆನ್ನಾಗಿ ಗುರುತಿಸುತ್ತಿದ್ದ. ಆದರೆ ಹೈಡ್ರಾಲಿಕ್ ಲಿಫ್ಟ್ ಮೇಲೇಳದಿದ್ದರೆ ಮೊದಲು ಆಯಿಲ್ ಮಟ್ಟ, ಆಮೇಲೆ ಫಿಲ್ಟರ್ ನೋಡಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. "ಹುಡುಗನ ತಪ್ಪಲ್ಲ, ಅವನಿಗೆ ಕೆಟ್ಟುಹೋದ ಟ್ರ್ಯಾಕ್ಟರ್ ಯಾರೂ ತೋರಿಸಿಲ್ಲ" ಎಂದು ಮಾಮು ಉರ್ದುವಿನಲ್ಲಿ ಹೇಳಿದರು. ಎರಡು ತಿಂಗಳಾದ ಮೇಲೆ ಅವನು ಊರು ಬಿಟ್ಟ.

ಜರ್ಮನಿಯಲ್ಲಿ ಕಲಿಯುವವರು ವಾರದಲ್ಲಿ ಮೂರು ನಾಲ್ಕು ದಿನ ಕೆಲಸದ ಸ್ಥಳದಲ್ಲಿ, ಉಳಿದ ದಿನ ಶಾಲೆಯಲ್ಲಿ ಇರುತ್ತಾರೆ. ಸಣ್ಣ ವರ್ಕ್‌ಶಾಪ್‌ಗಳ ಪರವಾಗಿ ಅವರ ವೃತ್ತಿ ಸಂಘಗಳು ಪರೀಕ್ಷೆ ನಡೆಸುತ್ತವೆ. ಅಲ್ಲಿ ಚಿಕ್ಕ ಉದ್ಯೋಗದಾತರಿಗೂ ದನಿ ಇದೆ.

ಅಷ್ಟು ದೂರ ಹೋಗುವುದೂ ಬೇಡ. 1982ರಲ್ಲಿ ಧರ್ಮಸ್ಥಳದ ಹತ್ತಿರದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಅಲ್ಲಿ ಹಳ್ಳಿಯ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತವಾಗಿ ಕಡಿಮೆ ಅವಧಿಯ ತರಬೇತಿ ಕೊಡುತ್ತಾರೆ. ಕಲಿತವರನ್ನು ಆಮೇಲೆ ಎರಡು ವರ್ಷದವರೆಗೆ ವಿಚಾರಿಸುತ್ತಾರೆ. ಈ ಮಾದರಿ ನೋಡಿಯೇ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಆರ್‌ಸೆಟಿ ಸಂಸ್ಥೆಗಳನ್ನು ತೆರೆದರು. ಕಲಿಸಿದ ಮೇಲೆ ಎಷ್ಟು ಜನ ಆ ಕೆಲಸದಲ್ಲಿ ಉಳಿದರು ಎಂದು ಕೇಳುವವರಿಗೆ ಯಾವ ಕೋರ್ಸ್ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ. ಇಲ್ಲವಾದರೆ ಒಂದೇ ಬೀದಿಯ ಎಲ್ಲ ಹೆಣ್ಣುಮಕ್ಕಳಿಗೂ ಟೈಲರಿಂಗ್ ಕಲಿಸಿದಂತಾಗುತ್ತದೆ. ಎಲ್ಲರೂ ಹೊಲಿಯುವವರಾದರೆ ಹೊಲಿಸುವವರು ಯಾರು?

ಇಲ್ಲಿ ಒಂದು ಆಕ್ಷೇಪ ಇದೆ. ಊರಿನ ಮಾಲೀಕರಿಗೆ ಬೇಕಾದಷ್ಟನ್ನೇ ಕಲಿಸಿದರೆ ಹುಡುಗರು ಕಡಿಮೆ ಸಂಬಳಕ್ಕೆ ಅಲ್ಲೇ ಕಟ್ಟಿಬೀಳುವುದಿಲ್ಲವೇ? ಈ ಮಾತು ನಿಜ. ಆದ್ದರಿಂದ ಸರ್ಟಿಫಿಕೇಟ್ ದೇಶದ ಎಲ್ಲ ಕಡೆ ನಡೆಯುವಂತಿರಬೇಕು. ಕೆಲಸಗಾರರು ಬೇಕೆಂದು ಕೇಳುವ ಮಾಲೀಕರು ಎಷ್ಟು ಸಂಬಳ ಕೊಡುತ್ತೇವೆ ಎಂದೂ ಮೊದಲೇ ಹೇಳಬೇಕು. ಬೆಂಗಳೂರಿನಲ್ಲಿ ರೂಮಿನ ಬಾಡಿಗೆ ಕಳೆದು ಉಳಿಯುವಷ್ಟು ಹಣ ಊರಲ್ಲೇ ಸಿಕ್ಕರೆ ಅಬ್ಬಾ ಅಮ್ಮಿಯನ್ನು ಬಿಟ್ಟು ಹೋಗಲು ಯಾರಿಗೂ ಇಷ್ಟವಿರುವುದಿಲ್ಲ.

ಹಾಗಾದರೆ ಏನು ಮಾಡಬಹುದು? ನನಗೆ ಮೂರು ದಾರಿ ಕಾಣುತ್ತವೆ.

ಒಂದು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿಯವರು ವರ್ಷಕ್ಕೊಮ್ಮೆ ತಾಲ್ಲೂಕಿನ ಪೇಟೆಗೇ ಬಂದು ಅಂಗಡಿಯವರ ಮಾತು ಕೇಳಲಿ. ಕೊಯ್ಲಿನ ಕಾಲ ಬಿಟ್ಟು, ಸಂಜೆ ಹೊತ್ತು ಬಂದರೆ ಜನ ಸೇರುತ್ತಾರೆ.

ಎರಡು, ಹಲವು ಮಾಲೀಕರು ಒಟ್ಟಾಗಿ, ಅಪ್ರೆಂಟಿಸ್‌ಗಳನ್ನು ಒಬ್ಬರಿಂದ ಇನ್ನೊಬ್ಬರ ಬಳಿಗೆ ಕಳಿಸಿ ಕೆಲಸ ಕಲಿಸಲು 1961ರ ಕಾಯ್ದೆಯಲ್ಲೇ ಅವಕಾಶವಿದೆ. ನಾಲ್ಕೈದು ಜನರಿರುವ ಗ್ಯಾರೇಜು, ವೈಂಡಿಂಗ್ ಅಂಗಡಿ, ಹನಿ ನೀರಾವರಿ ಅಂಗಡಿಗಳು ಸೇರಿದರೆ ಒಬ್ಬ ಹುಡುಗನಿಗೆ ಒಂದು ವರ್ಷದಲ್ಲಿ ಮೂರು ಕಡೆಯ ಅನುಭವ ಸಿಗುತ್ತದೆ. ಮೂರೇ ಜನರಿರುವ ಅಂಗಡಿಗಳಿಗೂ ಇದರಲ್ಲಿ ಸೇರಲು ದಾರಿ ಮಾಡಿಕೊಡಬೇಕು.

ಮೂರು, ಇದು ನಮ್ಮ ವಾಣಿಜ್ಯ ವಿಭಾಗಕ್ಕೂ ಸೇರಿದ ಮಾತು. ಪಾಲುದಾರಿಕೆ, ಷೇರುಗಳ ಲೆಕ್ಕ ನಾವು ಕಲಿಯುತ್ತೇವೆ. ಮಂಡಿಯವರು ಕೇಳುವುದು ಟ್ಯಾಲಿ, ಜಿಎಸ್‌ಟಿ ರಿಟರ್ನ್, 50,000 ರೂಪಾಯಿಗಿಂತ ಹೆಚ್ಚಿನ ಮಾಲು ಕಳಿಸುವಾಗ ಬೇಕಾಗುವ ಇ-ವೇ ಬಿಲ್. ಪುಸ್ತಕದ ಲೆಕ್ಕ ಅಡಿಪಾಯ, ಅದನ್ನು ಬಿಡುವಂತಿಲ್ಲ. ಆದರೆ ರಜೆಯಲ್ಲಿ ಎರಡು ವಾರ ಮಂಡಿಯಲ್ಲಿ ಕುಳಿತರೆ ಅಡಿಪಾಯದ ಮೇಲೆ ಗೋಡೆಯೂ ಏಳುತ್ತದೆ.

ಸ್ನೇಹಿತರೇ, ಈ ದಸರಾ ರಜೆಯಲ್ಲಿ ನಿಮ್ಮ ಬೀದಿಯ ಹತ್ತು ಅಂಗಡಿಗಳಿಗೆ ಹೋಗಿ ಎರಡೇ ಪ್ರಶ್ನೆ ಕೇಳಿ: ನಿಮಗೆ ಯಾವ ಕೆಲಸ ಗೊತ್ತಿರುವವರು ಬೇಕು? ಎಷ್ಟು ಸಂಬಳ ಕೊಡುತ್ತೀರಿ? ಉತ್ತರ ಬರೆದು ತನ್ನಿ. ಮೂರೂ ತಾಲ್ಲೂಕಿನಿಂದ ಬರುವ ವಿದ್ಯಾರ್ಥಿಗಳು ನಮ್ಮ ತರಗತಿಯಲ್ಲೇ ಇದ್ದಾರೆ. ಎಲ್ಲವನ್ನೂ ಒಂದು ಪಟ್ಟಿ ಮಾಡಿ, ಪ್ರಾಂಶುಪಾಲರ ಮೂಲಕ ಜಿಲ್ಲಾ ಕೌಶಲ್ಯ ಸಮಿತಿಗೆ ಕಳಿಸೋಣ.