ಕಣದ ಮೂಲೆಗೆ ಇಳಿದು ಬಂದ ಟೆಲಿವಿಷನ್

ನಮ್ಮ ಕಡೆಯ ಒಂಟಿಮನೆಗಳಲ್ಲಿ ಟೆಲಿವಿಷನ್ ನೋಡುವುದೆಂದರೆ ಒಂದು ಕಾಲಕ್ಕೆ ಮೂರಾಳಿನ ಕೆಲಸವಾಗಿತ್ತು. ಒಬ್ಬ ಹೆಂಚಿನ ಮಾಡಿನ ಮೇಲೆ ಏರಿಯಲ್ ಕಂಬ ಹಿಡಿದು ನಿಲ್ಲಬೇಕು, ಒಬ್ಬ ಪೆಟ್ಟಿಗೆಯ ಮುಂದೆ ಕೂರಬೇಕು, ಇನ್ನೊಬ್ಬ ಅಂಗಳದಲ್ಲಿ ನಿಂತು ಇವರ ಮಾತನ್ನು ಅವರಿಗೆ ಮುಟ್ಟಿಸಬೇಕು. "ಬಂತಾ?" "ಇಲ್ಲ, ಇನ್ನೂ ಸ್ವಲ್ಪ ಆಚೆ." "ಈಗ?" "ಬಂತು, ಬಂತು... ಹೋಯ್ತು ಮಾರಾಯ!" ಸದಸ್ಯ ಬಾಂಧವರಲ್ಲಿ ಐವತ್ತು ದಾಟಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆ ಕೊಪ್ಪದ ಕಡೆಯ ಒಂದು ಕಣಿವೆಯಲ್ಲಿದೆ. ಕೆಳಗೆ ಅಡಿಕೆ, ಮೇಲಿನ ಇಳಿಜಾರಿನಲ್ಲಿ ರೋಬಸ್ಟಾ, ಮೂರು ಸುತ್ತಲೂ ಗುಡ್ಡ. 1984ರ ಸುಮಾರಿಗೆ ದೇಶದ ತುಂಬ ದೂರದರ್ಶನದ ಸಣ್ಣ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. ಆ ಉತ್ಸಾಹದಲ್ಲಿ ನಾವೂ ಒಂದು ಕಪ್ಪುಬಿಳುಪು ಪೆಟ್ಟಿಗೆ ತಂದೆವು. ಎರಡು ಅಡಿಕೆಮರದ ಕಂಬಗಳನ್ನು ಒಂದಕ್ಕೊಂದು ಬಿಗಿದು, ಅದರ ತುದಿಗೆ ಏರಿಯಲ್ ಕಟ್ಟಿ, ಬೂಸ್ಟರ್ ಹಾಕಿಸಿದರೂ ಪರದೆಯ ಮೇಲೆ ಬರುತ್ತಿದ್ದದ್ದು ಹೆಚ್ಚಾಗಿ ಆಷಾಢದ ಮಳೆಯೇ. ಬಂದ ದಿನವೂ ಒಬ್ಬೊಬ್ಬ ಮನುಷ್ಯನಿಗೆ ಇಬ್ಬಿಬ್ಬರಂತೆ ಕಾಣುತ್ತಿತ್ತು.

ಇದರ ಕಾರಣ ಸರಳವಾದದ್ದು. ಪ್ರಸಾರ ಗೋಪುರದಿಂದ ಹೊರಟ ಟೆಲಿವಿಷನ್ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ನಾವಿದ್ದದ್ದು ಆ ನೆರಳಿನಲ್ಲಿ. ಇನ್ನೊಂದು ಗುಡ್ಡಕ್ಕೆ ಬಡಿದು ತಡವಾಗಿ ಬಂದ ಅಲೆಯೇ ಎರಡನೆಯ ಮನುಷ್ಯ. ಇದಕ್ಕೆ ನಮಗೆ ಗೊತ್ತಿದ್ದ ಮದ್ದು ಒಂದೇ, ಏರಿಯಲ್ಲನ್ನು ಇನ್ನೂ ಎತ್ತರಕ್ಕೆ ಏರಿಸುವುದು.

ಹಾಗೆ ಏರಿಸಲು ಹೋಗಿಯೇ ನಮ್ಮ ಚಿಕ್ಕಪ್ಪ 1988ರ ಜೂನ್ ತಿಂಗಳಲ್ಲಿ ಬಿದ್ದರು. ಭಾನುವಾರ ಬೆಳಗ್ಗೆ, ರಾಮಾಯಣ ಧಾರಾವಾಹಿಯ ಹೊತ್ತು. ಹಿಂದಿನ ರಾತ್ರಿಯ ಗಾಳಿಗೆ ಏರಿಯಲ್ ತಿರುಗಿಕೊಂಡಿತ್ತು. ಪಾಚಿ ಕಟ್ಟಿದ ಹೆಂಚಿನ ಮೇಲೆ ಕಾಲಿಟ್ಟವರು ನೇರವಾಗಿ ಅಂಗಳದ ಕಲ್ಲಿಗೆ ಬಂದರು. ಸೊಂಟದ ಮೂಳೆ ಮುರಿಯಿತು. ಇಪ್ಪತ್ತು ವರ್ಷ ತಾವೇ ಮರ ಹತ್ತಿ ಕೊನೆ ತೆಗೆದಿದ್ದ ಮನುಷ್ಯ, ಆಮೇಲೆ ತೋಟಕ್ಕೆ ಇಳಿಯಲು ಕೋಲು ಬೇಕಾಯಿತು. ಎಂಟು ಜನ ಒಟ್ಟಿಗೆ ಕೂತು ನೋಡುತ್ತಿದ್ದ ಒಂದು ಗಂಟೆಯ ಸಂತೋಷಕ್ಕೆ ಕೊಟ್ಟ ಬೆಲೆ ಅದು. ಈ ಲೇಖನದಲ್ಲಿ ನಾನು ಹೇಳಹೊರಟಿರುವ ವಿಷಯಕ್ಕೂ ಅದಕ್ಕೂ ಸಂಬಂಧವಿದೆ. ಆದ್ದರಿಂದ ಬರೆದೆ.

ಈಗ ಆ ಹಳೆಯ ಏರಿಯಲ್‌ಗಳ ಕಾಲ ಮುಗಿದಿದೆ. ಆಯಕಟ್ಟಿನ ಜಾಗಗಳಲ್ಲಿರುವ ಐವತ್ತರಷ್ಟನ್ನು ಬಿಟ್ಟು ಉಳಿದ ಹಳೆಯ ಅನಲಾಗ್ ಪ್ರಸಾರಕಗಳನ್ನು 2022ರ ಮಾರ್ಚ್ 31ರೊಳಗೆ ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಸಾರ ಭಾರತಿಯೇ ಪ್ರಕಟಿಸಿತ್ತು. ಆದರೆ ಪತ್ರಿಕೆಯಲ್ಲಿ ಬಂದದ್ದು ಘಟ್ಟದ ಮನೆಗಳಿಗೆಲ್ಲ ತಲುಪುತ್ತದೆಯೇ? ನಮ್ಮ ಮೇಲಿನ ಮನೆಯ ದೊಡ್ಡಮ್ಮನ ಟಿ.ವಿ. ಎರಡು ಸಲ ಜೀಪಿನಲ್ಲಿ ಪೇಟೆಗೆ ಹೋಗಿ ರಿಪೇರಿಯಾಗಿ ಬಂದಿತ್ತು. ಎರಡು ಸಲವೂ ಅಂಗಡಿಯಲ್ಲಿ ಸರಿಯಾಗಿಯೇ ಇತ್ತು, ಮನೆಯಲ್ಲಿ ಮಾತ್ರ ಚಿತ್ರವಿಲ್ಲ. ಮೂರನೆಯ ಸಲ ಹೊರಡಿಸುವಾಗ ನಾನು ಅಲ್ಲಿದ್ದೆ.

"ಟಿ.ವಿ. ಹಾಳಾದದ್ದಲ್ಲ ದೊಡ್ಡಮ್ಮ, ಕಳಿಸುವವರೇ ನಿಲ್ಲಿಸಿದ್ದಾರೆ" ಎಂದೆ.

"ಹೌದೇನೋ! ಅದನ್ನ ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದರು.

ಮಕ್ಕಳು ಬೆಂಗಳೂರಿನಲ್ಲಿ, ಮೊಬೈಲ್ ಸಿಗ್ನಲ್ಲಿಗೆ ಗೇಟಿನವರೆಗೆ ನಡೆಯಬೇಕು, ಮನೆಯಲ್ಲಿ ಅವರೊಬ್ಬರೇ. ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ ಮನೆಯಲ್ಲಿ ಒಂದು ಮನುಷ್ಯರ ದನಿ ಎಂದರೆ ಆ ಪೆಟ್ಟಿಗೆ. ಅದು ಸುಮ್ಮನಾಗಿ ಬಹಳ ದಿನವಾಗಿತ್ತು.

ತಿಂಗಳು ತಿಂಗಳು ಹಣ ಕಟ್ಟುವ ಖಾಸಗಿ ಡಿಶ್‌ಗಳು ನಮ್ಮಲ್ಲಿ ಹಲವರ ಮನೆಯಲ್ಲಿವೆ. ಅಡಿಕೆಗೆ ಧಾರಣೆ ಇದ್ದಾಗ ಅದು ಭಾರವೆನಿಸುವುದಿಲ್ಲ. ಕೊಳೆ ಬಂದ ವರ್ಷ ಮೊದಲು ನಿಲ್ಲುವುದೂ ಅದೇ. ಹಣ ಕಟ್ಟದೆ ನೋಡಬಹುದಾದದ್ದು ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ 33 ವಾಹಿನಿಗಳೊಂದಿಗೆ ಅದು ಆರಂಭವಾಯಿತು. ಈಗ ನೂರಕ್ಕೂ ಹೆಚ್ಚಿವೆ, ಆಕಾಶವಾಣಿಯ ವಾಹಿನಿಗಳೂ ಇವೆ. ನಿಜ ಹೇಳಬೇಕೆಂದರೆ ಬಹುಪಾಲು ಹಿಂದಿ. ಕನ್ನಡಕ್ಕೆ ನಂಬಬಹುದಾದದ್ದು ನಮ್ಮ ಚಂದನ. ಖಾಸಗಿ ವಾಹಿನಿಯ ಧಾರಾವಾಹಿಗಳಿಲ್ಲದೆ ಮನೆಯಲ್ಲಿ ಊಟ ಬಡಿಸುವುದಿಲ್ಲ ಎನ್ನುವಂಥ ಪರಿಸ್ಥಿತಿಯಿದ್ದರೆ, ಮೊದಲು ಫ್ರೀ ಡಿಶ್ ಇರುವ ಪರಿಚಿತರ ಮನೆಯಲ್ಲಿ ಒಂದು ಸಂಜೆ ಕೂತು ನೋಡಿ ತೀರ್ಮಾನಿಸುವುದು ಒಳ್ಳೆಯದು.

ಉಪಗ್ರಹ ಟೆಲಿವಿಷನ್ ಕನ್ನಡ ನಾಡಿಗೆ ಹೊಸದಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ ಮಾಡಿದ್ದರು. ಅವುಗಳಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿಗಳೂ ಇದ್ದವು. ಕೋಳಿಗೂಡಿನ ಬಲೆಯಿಂದ ಮಾಡಿದ ಹತ್ತಡಿ ಅಗಲದ ಬುಟ್ಟಿಗಳು ಅವು. ಇಂದು ಫ್ರೀ ಡಿಶ್ ಬರುವುದು ನಮ್ಮದೇ ಜಿಸ್ಯಾಟ್-15ರಿಂದ. 2015ರ ನವೆಂಬರಿನಲ್ಲಿ ಅದು ಮೇಲೇರಿದಾಗ ಹತೋಟಿಗೆ ತೆಗೆದುಕೊಂಡದ್ದು ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ನಮ್ಮ ಕಾಫಿ ಸೀಮೆಯ ಬಾಗಿಲಿನಲ್ಲೇ ಕೂತು ಅದನ್ನು ನೋಡಿಕೊಂಡರು ಎಂದಾಯಿತು.

ಈ ಉಪಗ್ರಹ ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಭೂಮಿ ತಿರುಗುವ ವೇಗದಲ್ಲೇ ಅದೂ ತಿರುಗುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ. ಕೊಡಗಿನಿಂದ ಶಿರಸಿಯವರೆಗೆ ಯಾವ ತೋಟದಿಂದ ನೋಡಿದರೂ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ 62ರಿಂದ 65 ಡಿಗ್ರಿ ಮೇಲೆ ಇರುತ್ತದೆ. ಅಂದರೆ ನೆತ್ತಿಗೂ ಗುಡ್ಡದ ಅಂಚಿಗೂ ನಡುವೆ, ನೆತ್ತಿಗೇ ಹತ್ತಿರ. ಅಷ್ಟು ಎತ್ತರವನ್ನು ಮರೆಮಾಡುವ ಗುಡ್ಡ ನಮ್ಮಲ್ಲಿ ಯಾರ ಅಂಗಳದ ಮುಂದೂ ಇರಲಾರದು. ಏರಿಯಲ್ಲಿಗೆ ಸೋಲು ತಂದ ಗುಡ್ಡ ಡಿಶ್ಶಿಗೆ ಲೆಕ್ಕಕ್ಕಿಲ್ಲ.

ಇಷ್ಟು ಅರ್ಥವಾದರೆ ಎರಡನೆಯ ಮಾತೂ ತಾನಾಗಿ ಅರ್ಥವಾಗುತ್ತದೆ: ಡಿಶ್ಶನ್ನು ಎತ್ತರದಲ್ಲಿ ಕಟ್ಟಬೇಕಾಗಿಲ್ಲ. 36,000 ಕಿಲೋಮೀಟರಿನಲ್ಲಿ ಇಪ್ಪತ್ತಡಿ ಉಳಿಸಿ ಏನು ಬಂತು? ಆದರೂ ಅಭ್ಯಾಸಬಲದಿಂದ ಕೂರಿಸಲು ಬಂದ ಹುಡುಗರು ಮೊದಲು ಕೇಳುವುದು ಏಣಿಯನ್ನೇ. ಮಾಡಿನ ತುದಿಗೆ ಕಟ್ಟಿದರೆ ಜುಲೈ ಗಾಳಿಗೆ ಒಂದು ಬೆರಳಿನಷ್ಟು ಅಲುಗಿದರೂ ಚಿತ್ರ ಹೋಗುತ್ತದೆ, ಮತ್ತೆ ಪಾಚಿ ಹೆಂಚಿನ ಮೇಲೆ ಯಾರೋ ಹತ್ತಬೇಕು. ನೆಲದಲ್ಲಿ ಸಿಮೆಂಟು ಹಾಕಿ ನಿಲ್ಲಿಸಿದ ಎದೆಮಟ್ಟದ ಕಬ್ಬಿಣದ ಪೈಪು ಸಾಕು. ಅಡಿಕೆ ಕಂಬ ಬೇಡ, ಅದು ಎರಡು ಮಳೆಗಾಲಕ್ಕೆ ಬುಡದಲ್ಲಿ ಕೊಳೆಯುತ್ತದೆ. ದನ ಮೈ ಉಜ್ಜದಂತೆ ಸುತ್ತ ನಾಲ್ಕು ಗೂಟ ಹೊಡೆದು ಬೇಲಿ ಕಟ್ಟಿದರಾಯಿತು.

ಹಾಗಾದರೆ ಎಲ್ಲಿ? ನಾನು ಹೇಳುವುದು ಕಾಫಿ ಕಣದ ಮೂಲೆ. ಬಿಸಿಲು ಬೀಳುವ ಜಾಗ ನೋಡಿಯೇ ನಮ್ಮ ಹಿರಿಯರು ಕಣ ಮಾಡಿದ್ದು. ಹಣ್ಣು ಒಣಗುವ ಜಾಗಕ್ಕೆ ಆಕಾಶವೂ ತೆರೆದೇ ಇರುತ್ತದೆ. ಮನೆಯಿಂದ ನೂರಡಿ ದೂರವಾದರೂ ಒಳ್ಳೆಯ ತಂತಿ ಹಾಕಿದರೆ ತೊಂದರೆಯಿಲ್ಲ.

ಗುಡ್ಡ ಅಡ್ಡಿಯಲ್ಲದಿದ್ದರೂ ಮರ ಅಡ್ಡಿಯೇ. ಒಂದು ಕೊಂಬೆ, ಒದ್ದೆ ಎಲೆಯ ಒಂದು ಗೊಂಚಲು ಸಾಕು. ಇಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಬಹುದು. ಡಿಶ್ಶಿನ ಮಟ್ಟದಿಂದ ಮರ ಎಷ್ಟು ಎತ್ತರವಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ದೂರ ಬಿಟ್ಟರೆ ಆ ಮರ ಅಡ್ಡ ಬರುವುದಿಲ್ಲ. ದೂರವನ್ನು ಬುಡದಿಂದಲ್ಲ, ನಿಮ್ಮ ಕಡೆಗೆ ಚಾಚಿದ ಕೊಂಬೆಯ ತುದಿಯಿಂದ ಅಳೆಯಬೇಕು. ನಲವತ್ತೈದು ಅಡಿಯ ಅಡಿಕೆಮರ, ಡಿಶ್ಶು ಐದಡಿ ಮೇಲೆ, ಉಳಿದದ್ದು ನಲವತ್ತು. ಇಪ್ಪತ್ತೈದು ಅಡಿ ದೂರವಿದ್ದರೆ ನಿಶ್ಚಿಂತೆ. ಸಿಲ್ವರ್ ಓಕಿಗೂ ಇದೇ ಲೆಕ್ಕ, ಆದರೆ ಅದು ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಎತ್ತರ ಅಳೆಯಲು ಕೊನೆ ತೆಗೆಯುವ ದೋಟಿ ಇದ್ದೇ ಇದೆ. ಲೆಕ್ಕ ಬೇಕಾದದ್ದೂ ಆಗ್ನೇಯದ ಮರಗಳಿಗೆ ಮಾತ್ರ. ಉಳಿದ ದಿಕ್ಕಿನವು ಎಷ್ಟು ಎತ್ತರವಿದ್ದರೂ ಇರಲಿ.

ಲೆಕ್ಕ ಬೇಡವೆನ್ನುವವರಿಗೆ ಸೂರ್ಯನೇ ತೋರಿಸಿಕೊಡುತ್ತಾನೆ. ಪ್ರತಿವರ್ಷ ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಗ್ಗೆ ಹನ್ನೊಂದು ಗಂಟೆಯ ಆಸುಪಾಸು, ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಿಗೆ ಡಿಶ್ ನಿಲ್ಲಿಸಬೇಕೆಂದಿರುವ ಜಾಗದಲ್ಲಿ ನೀವು ನಿಲ್ಲಿ. ಮೈಮೇಲೆ ಬಿಸಿಲು ಬಿದ್ದರೆ ಜಾಗ ಸರಿ. ನೆರಳಿದ್ದರೆ ಎರಡು ಹೆಜ್ಜೆ ಸರಿಯಿರಿ. ಗಿಡಕ್ಕೆ ಎಷ್ಟು ನೆರಳು ಬೇಕು, ಯಾವ ಕೊಂಬೆ ಕಡಿಯಬೇಕು ಎಂದು ವರ್ಷವರ್ಷವೂ ನೋಡುವ ನಮಗೆ ಇದೇನು ದೊಡ್ಡ ವಿದ್ಯೆಯೆ! ಅದೇ ದಿನಗಳಲ್ಲಿ ಆ ಹೊತ್ತಿಗೆ ಕೆಲವು ನಿಮಿಷ ಚಿತ್ರ ತಾನಾಗಿ ಹೋಗಿಬರುವುದುಂಟು. ಸೂರ್ಯನ ಶಾಖದ ಗದ್ದಲ ಡಿಶ್ಶಿನೊಳಗೆ ಬೀಳುವುದರಿಂದ ಹಾಗಾಗುತ್ತದೆ; ಗಾಬರಿಯಾಗಿ ತಿರುಪು ಸಡಿಲಿಸಬೇಡಿ.

ಡಿಶ್ಶಿನ ಮುಖ ನೋಡಿ ಮೋಸಹೋಗುವವರಿದ್ದಾರೆ. ಈ ಸಣ್ಣ ಡಿಶ್‌ಗಳು ಎದುರಿನ ಗುಡ್ಡವನ್ನೇ ನೋಡುತ್ತಿವೆ ಎನ್ನುವಂತೆ ಕಾಣುತ್ತವೆ. ಅವುಗಳ ರಚನೆ ಓರೆಯಾದದ್ದು, ಮುಖ ಕಾಣುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಮೇಲಕ್ಕೆ ಅವುಗಳ ನೋಟ. ಅದರ ಮುಂದಿರುವ ಎಲ್.ಎನ್.ಬಿ. ಎಂಬ ಮೂತಿಯನ್ನೂ ನೆಟ್ಟಗೆ ಇಟ್ಟರೆ ಸಾಲದು, ನಮ್ಮ ಕಡೆ ಸಾಕಷ್ಟು ಓರೆಯಾಗಿಯೇ ತಿರುಗಿಸಬೇಕು. ಚಿತ್ರ ಬಂದಿತೆಂದು ಹುಡುಗರು ಅಲ್ಲಿಗೇ ಬಿಟ್ಟುಹೋಗುತ್ತಾರೆ. ಸಿಗ್ನಲ್ ಪಟ್ಟಿ ಪೂರ್ತಿ ಏರುವವರೆಗೆ ತಿರುಗಿಸಿ ನೋಡಿಸಿಕೊಳ್ಳಿ. ಆ ಉಳಿತಾಯವೇ ಮಳೆಗಾಲದಲ್ಲಿ ಕೈಹಿಡಿಯುವುದು.

ಏಕೆಂದರೆ ಈ ವ್ಯವಸ್ಥೆಯ ದೊಡ್ಡ ದೋಷ ಮಳೆ. ಹಳೆಯ ಏರಿಯಲ್ಲಿನ ಅಲೆ ಮೀಟರುಗಟ್ಟಲೆ ಉದ್ದ, ಮಳೆಹನಿಯನ್ನು ಅದು ಲೆಕ್ಕಿಸುತ್ತಿರಲಿಲ್ಲ. ಡಿಶ್ಶಿನ ಅಲೆ ಎರಡೂವರೆ ಸೆಂಟಿಮೀಟರಿನಷ್ಟೇ. ದಪ್ಪ ಹನಿಗಳ ಮಳೆ ಅದನ್ನು ಹೀರಿ ಚದುರಿಸಿಬಿಡುತ್ತದೆ. ಬರಿಯ ಮೋಡಕ್ಕೆ, ಜಿರಿಜಿರಿ ಮಳೆಗೆ ಅದು ಜಗ್ಗುವುದಿಲ್ಲ; ಧೋ ಎಂದು ಸುರಿದಾಗ ಸೋಲುತ್ತದೆ. ಸಾಮಾನ್ಯವಾಗಿ ಕೊಡುವ ಎರಡಡಿಯ ಡಿಶ್ಶಿಗೆ ಬದಲು ಮೂರಡಿಯದನ್ನು ಹಾಕಿಸಿದರೆ ನಮ್ಮಂಥ ಮಳೆಸೀಮೆಯಲ್ಲಿ ಎಷ್ಟೋ ವಾಸಿ, ಪೂರ್ತಿ ಪರಿಹಾರವಲ್ಲ. ಕಣದಲ್ಲಿ ಚೆರ್ರಿ ಹರವಿರುವಾಗ, ಬೋರ್ಡೋ ಹೊಡೆಯಲು ಬಿಡುವು ಕಾಯುತ್ತಿರುವಾಗ ಹವಾಮಾನ ವಾರ್ತೆಯನ್ನು ಮಳೆಗೆ ಮುಂಚೆಯೇ ಕೇಳಿಕೊಳ್ಳಬೇಕು. ರೇಡಿಯೋವನ್ನು ಅಟ್ಟಕ್ಕೆ ಹಾಕಬೇಡಿ.

ಖರ್ಚು ಡಿಶ್, ಪೆಟ್ಟಿಗೆ, ತಂತಿ ಸೇರಿ ಎರಡು ಸಾವಿರದ ಆಸುಪಾಸು, ಅದೂ ಒಂದೇ ಸಲ. ದೊಡ್ಡ ಡಿಶ್ಶಿಗೆ ಹೆಚ್ಚು. ಪೆಟ್ಟಿಗೆ ಎಂಪೆಗ್-4 ಆಗಿರಬೇಕು, ಹಳೆಯ ಪೆಟ್ಟಿಗೆಗಳಿಗೆ ಕೆಲವು ವಾಹಿನಿಗಳು ಸಿಗುವುದಿಲ್ಲ. ನನಗೆ ಮೊದಲು "ಫ್ರೀ" ಎಂದು ಹೇಳಿ ಕೊಟ್ಟ ಪೆಟ್ಟಿಗೆ ಮೂರು ತಿಂಗಳಾದ ಮೇಲೆ ರೀಚಾರ್ಜ್ ಕೇಳಿತು! ಖರೀದಿಸುವಾಗಲೇ ಕೇಳಿ ತಿಳಿದುಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಕರೆಂಟಿನ ಪ್ಲಗ್ಗಿನ ಜೊತೆ ಡಿಶ್ಶಿನ ತಂತಿಯನ್ನೂ ಕೀಳುವುದು ಮರೆಯಬಾರದು. ಆದರೆ ಸಿಡಿಲು ಹತ್ತಿರ ಬರುವ ಮೊದಲೇ ಕೀಳಬೇಕು, ತಲೆಯ ಮೇಲೆ ಗುಡುಗುವಾಗ ತಂತಿ ಮುಟ್ಟಬೇಡಿ. ಎಲ್.ಎನ್.ಬಿ.ಯ ಹಿಂದೆ ಕಣಜ ಗೂಡು ಕಟ್ಟುವುದುಂಟು, ಮಂಗಗಳ ವಿಷಯ ನಿಮಗೇ ಗೊತ್ತು.

ದೊಡ್ಡಮ್ಮನ ಮನೆಗೆ ಡಿಶ್ ಕೂರಿಸಲು ಬಂದ ಹುಡುಗ ಮಾಡು ಹತ್ತಿ ನೋಡಿ, "ಹಲಸಿನ ಮರ ಅಡ್ಡ ಬರ್ತದೆ ಅಮ್ಮ, ಕಡಿಸಿದ್ರೆ ಮಾತ್ರ" ಎಂದ. ಆ ಹಲಸು ದೊಡ್ಡಪ್ಪ ನೆಟ್ಟದ್ದು. ದೊಡ್ಡಮ್ಮ ಏನೂ ಹೇಳದೆ ಒಳಗೆ ಹೋಗಿ ಅವನಿಗೆ ಕಾಫಿ ತಂದುಕೊಟ್ಟು, "ಬೇಡ ಬಿಡಪ್ಪ, ಕುಡ್ಕೊಂಡು ಹೋಗು" ಎಂದರು. ನಾನು ದೋಟಿ ತರಿಸಿದೆ. ಮರ ಐವತ್ತೈದು ಅಡಿ. ಕಣದ ಪಶ್ಚಿಮದ ಮೂಲೆ ಕೊಂಬೆಯ ತುದಿಯಿಂದ ಮೂವತ್ತೆರಡು ಅಡಿಗೆ ಸಿಕ್ಕಿತು. ಹುಡುಗನಿಗೆ ನಂಬಿಕೆ ಬರಲಿಲ್ಲ, ಅಷ್ಟು ಕೆಳಗೆ ಹಿಡಿಯುತ್ತದೆಯೇ ಎಂದು ಎರಡು ಸಲ ಕೇಳಿದ. ಪೈಪು ನೆಟ್ಟು, ಸಿಮೆಂಟು ಗಟ್ಟಿಯಾಗಲೆಂದು ಎರಡು ದಿನ ಬಿಟ್ಟು, ಮೂರನೆಯ ದಿನ ಸಂಜೆ ಡಿಶ್ ತಿರುಗಿಸಿದೆವು. ಅಂಗಳದಲ್ಲಿ ನಿಂತು ಕೂಗುವ ಕೆಲಸವನ್ನು ನಮ್ಮ ಚಿಕ್ಕಪ್ಪ ಕೋಲೂರಿಕೊಂಡು ಬಂದು ತಾವೇ ವಹಿಸಿಕೊಂಡರು. ಚಂದನದ ವಾರ್ತೆಯ ದನಿ ಒಳಗಿನಿಂದ ಕೇಳಿದಾಗ ದೊಡ್ಡಮ್ಮ ಹೊಸಿಲಿಗೆ ಬಂದು, "ಸಾಕು, ಸಾಕು, ಇನ್ನು ಯಾರೂ ಅದನ್ನ ಮುಟ್ಬೇಡಿ" ಎಂದು ಗದರಿದರು.